ನಾಲ್ಕು ದಿನದಲ್ಲಿ ಆದ ಆಯ್ಕೆ: ಇಂಡಿಯಾನಾ ಫುಟ್‌ಬಾಲ್ ತಂಡಕ್ಕೆ ಕೋಚ್ ಸಿಕ್ಕ ಬಗೆ

2023ರ ನವೆಂಬರ್ 25, ಶನಿವಾರ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ತನ್ನದೇ ರಾಜ್ಯದ ಬದ್ಧ ಎದುರಾಳಿ ಪರ್ಡ್ಯೂ ಎದುರು 35-31ರಲ್ಲಿ ಸೋತಿತು. ಆ ಸೀಸನ್ 3 ಗೆಲುವು, 9 ಸೋಲಿನೊಂದಿಗೆ ಮುಗಿಯಿತು. ಮಾರನೇ ದಿನವೇ ಹೆಡ್ ಕೋಚ್ ಟಾಮ್ ಆಲನ್ ಅವರನ್ನು ಕೆಲಸದಿಂದ ತೆಗೆದರು. ಗುರುವಾರ, ನವೆಂಬರ್ 30ಕ್ಕೆ, ಹೊಸ ಕೋಚ್ ಹೆಸರು ಹೊರಬಿತ್ತು. ಕರ್ಟ್ ಸಿಗ್ನೆಟಿ, ವಯಸ್ಸು 62, ಬರುತ್ತಿದ್ದುದು ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ. ಇಂಡಿಯಾನಾ ಅಭಿಮಾನಿಗಳಲ್ಲಿ ಎಷ್ಟೋ ಜನ ಆ ಹೆಸರನ್ನೇ ಕೇಳಿರಲಿಲ್ಲ.

2026ರ ಜನವರಿ 19ರಂದು ಅದೇ ತಂಡ ಮಯಾಮಿಯನ್ನು 27-21ರಲ್ಲಿ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಸೀಸನ್‌ನಲ್ಲಿ ಆಡಿದ 16 ಪಂದ್ಯಗಳನ್ನೂ ಗೆದ್ದಿತ್ತು. ಫಲ ಕಣ್ಣ ಮುಂದೆ ಇರುವಾಗ ‘ಎಂಥಾ ಆಯ್ಕೆ’ ಅನ್ನುವುದು ಸುಲಭ. ಆದರೆ ಆ ಗುರುವಾರ ಯಾರಿಗೂ ಈ ಫಲ ಗೊತ್ತಿರಲಿಲ್ಲ. ಅವತ್ತು ಕೈಯಲ್ಲಿ ಏನೇನು ಮಾಹಿತಿ ಇತ್ತು, ಅದರಿಂದ ಎಷ್ಟು ಊಹಿಸಬಹುದಿತ್ತು ಅನ್ನುವುದೇ ಇಲ್ಲಿ ನನ್ನ ಪ್ರಶ್ನೆ.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಕಾಲೇಜು ತಂಡಗಳು ಶರತ್ಕಾಲದಲ್ಲಿ ವಾರಕ್ಕೊಂದರಂತೆ 12 ಪಂದ್ಯ ಆಡುತ್ತವೆ. ಆಮೇಲೆ ಚೆನ್ನಾಗಿ ಆಡಿದವರಿಗೆ ಬೌಲ್ ಎಂಬ ಸೀಸನ್ ಕೊನೆಯ ವಿಶೇಷ ಪಂದ್ಯ, ಅತಿ ಚೆನ್ನಾಗಿ ಆಡಿದವರಿಗೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್. ಪಂದ್ಯಗಳೇ ಕಮ್ಮಿ, ಹಾಗಾಗಿ ಒಂದೊಂದು ಸೋಲೂ ಭಾರ. ತಂಡ ಕಟ್ಟುವುದು, ಹುಡುಗರನ್ನು ಹುಡುಕಿ ಕರೆತರುವುದು, ಸಹಾಯಕ ಕೋಚ್‌ಗಳನ್ನು ನೇಮಿಸುವುದು ಎಲ್ಲ ಹೆಡ್ ಕೋಚ್ ತಲೆ ಮೇಲೆ. ಅನೇಕ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಟ್ಟಿಯ ಮೊದಲ ಹೆಸರು ಗವರ್ನರ್‌ದಲ್ಲ, ಫುಟ್‌ಬಾಲ್ ಕೋಚ್‌ದು. ಅಂಥವರನ್ನು ಆರಿಸುವುದು ವಿಶ್ವವಿದ್ಯಾಲಯದ ಅಥ್ಲೆಟಿಕ್ ಡೈರೆಕ್ಟರ್. ಇಂಡಿಯಾನಾದಲ್ಲಿ ಆ ಕುರ್ಚಿಯಲ್ಲಿ ಇದ್ದವರು ಸ್ಕಾಟ್ ಡಾಲ್ಸನ್.

ಬ್ಯಾಸ್ಕೆಟ್‌ಬಾಲ್ ಊರಿನ ಫುಟ್‌ಬಾಲ್

ಇಂಡಿಯಾನಾ ವಿಶ್ವವಿದ್ಯಾಲಯದ ಊರು ಬ್ಲೂಮಿಂಗ್ಟನ್. ಬ್ಲೂಮಿಂಗ್ಟನ್ ಅಂದರೆ ಬ್ಯಾಸ್ಕೆಟ್‌ಬಾಲ್. ಅದರಲ್ಲಿ ಇಂಡಿಯಾನಾ ಐದು ಸಲ ರಾಷ್ಟ್ರೀಯ ಚಾಂಪಿಯನ್. ಡಾಲ್ಸನ್ ಸ್ವತಃ ವಿದ್ಯಾರ್ಥಿ ಆಗಿದ್ದಾಗ ಕೋಚ್ ಬಾಬ್ ನೈಟ್ ಅವರ ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದವರು. ಫುಟ್‌ಬಾಲ್ ಕಥೆ ಪೂರ್ತಿ ಉಲ್ಟಾ. 2023ರವರೆಗೆ ಬಿಗ್ ಟೆನ್ ಕಾನ್ಫರೆನ್ಸ್ (ಇಂಡಿಯಾನಾ ಆಡುವ ವಿಶ್ವವಿದ್ಯಾಲಯಗಳ ಗುಂಪು) ಪ್ರಶಸ್ತಿ ಸಿಕ್ಕಿದ್ದು 1945ರಲ್ಲಿ ಒಮ್ಮೆ, 1967ರಲ್ಲಿ ಇನ್ನೆರಡು ತಂಡಗಳ ಜತೆ ಹಂಚಿಕೊಂಡು ಒಮ್ಮೆ. ಒಂದು ಸೀಸನ್‌ನಲ್ಲಿ 10 ಪಂದ್ಯ ಗೆದ್ದ ದಾಖಲೆಯೇ ಇರಲಿಲ್ಲ. 1991ರ ಕೊನೆಯ ದಿನ ಕಾಪರ್ ಬೌಲ್ ಗೆದ್ದಿದ್ದೇ ಕೊನೆ, ಆಮೇಲೆ ಒಂದೂ ಬೌಲ್ ಗೆದ್ದಿರಲಿಲ್ಲ. 1995ರಿಂದ 2023ರವರೆಗೆ ಸೋಲಿಗಿಂತ ಗೆಲುವು ಜಾಸ್ತಿ ಇದ್ದ ಸೀಸನ್ ಮೂರೇ ಮೂರು: 2007, 2019, 2020. ಒಟ್ಟು ಸೋಲಿನ ಲೆಕ್ಕದಲ್ಲಿ ಉನ್ನತ ದರ್ಜೆಯ ಎಲ್ಲ ತಂಡಗಳಿಗಿಂತ ಮುಂದೆ ಇದ್ದದ್ದು ಇಂಡಿಯಾನಾ.

ಜನ ಬರುತ್ತಿರಲಿಲ್ಲ ಅಂತಲ್ಲ. ಬರುತ್ತಿದ್ದರು, ಸ್ಟೇಡಿಯಂ ಹೊರಗಿನ ಹುಲ್ಲಿನ ಮೇಲೆ ಕಾರು ನಿಲ್ಲಿಸಿ ಗ್ರಿಲ್ ಹೊತ್ತಿಸುತ್ತಿದ್ದರು. ತಿಂದು, ಕುಡಿದು, ಹರಟೆ ಹೊಡೆದು, ಅರ್ಧ ಆಟ ನೋಡಿ ಮನೆಗೆ ಹೋಗುತ್ತಿದ್ದರು. ಸೋಲು ಅಭ್ಯಾಸ ಆಗಿಬಿಟ್ಟಿತ್ತು.

ಹಿಂದಿನ ಆಯ್ಕೆಗಳು ಏನು ಹೇಳುತ್ತವೆ

ಇಂಡಿಯಾನಾ ನಲವತ್ತು ವರ್ಷದಲ್ಲಿ ಎಲ್ಲ ಬಗೆಯ ಕೋಚ್‌ಗಳನ್ನೂ ಪ್ರಯತ್ನಿಸಿ ನೋಡಿತ್ತು. ನನ್ನ ಪ್ರಕಾರ ಈ ಪ್ರಕರಣದ ಉತ್ತರ ಆ ಸಾಲಿನಲ್ಲೇ ಇತ್ತು.

1984ರಲ್ಲಿ ಬಂದವರು ಬಿಲ್ ಮ್ಯಾಲರಿ. ಅದಕ್ಕೂ ಮುಂಚೆ ಮಯಾಮಿ ಆಫ್ ಒಹಾಯೊ, ಕೊಲರಾಡೊ, ನಾರ್ದರ್ನ್ ಇಲಿನಾಯ್, ಹೀಗೆ ಮೂರು ಕಡೆ ಹೆಡ್ ಕೋಚ್ ಆಗಿ ಗೆದ್ದವರು. ಇಂಡಿಯಾನಾದಲ್ಲಿ ಮೊದಲ ಸೀಸನ್ ಅವರಿಗೆ 11ಕ್ಕೆ 11 ಸೋಲು. ಆದರೂ ಅವರನ್ನು ಉಳಿಸಿಕೊಂಡರು. ಮೂರೇ ವರ್ಷದಲ್ಲಿ, 1987ರಲ್ಲಿ, ಅವರ ತಂಡ ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ಎರಡನ್ನೂ ಒಂದೇ ಸೀಸನ್‌ನಲ್ಲಿ ಸೋಲಿಸಿತು. ಅವರ ಕಾಲದಲ್ಲಿ ಆರು ಬೌಲ್ ಪಂದ್ಯ.

ಅವರನ್ನು 1996ರಲ್ಲಿ ತೆಗೆದ ಮೇಲೆ ‘ನಮ್ಮ ಹುಡುಗ’ ಬೇಕು ಅನ್ನಿಸಿತು. ಕ್ಯಾಮ್ ಕ್ಯಾಮರನ್ ಇಂಡಿಯಾನಾದಲ್ಲೇ ಓದಿ, ಅಲ್ಲೇ ಆಡಿದ್ದವರು. ಹೆಡ್ ಕೋಚ್ ಕೆಲಸ ಮಾತ್ರ ಮಾಡಿರಲಿಲ್ಲ. ಆಂಟ್ವಾನ್ ರ‍್ಯಾಂಡಲ್ ಎಲ್ ಥರದ ಅಪರೂಪದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವ ಆಟಗಾರ) ಕೈಯಲ್ಲಿದ್ದರೂ ಐದು ವರ್ಷದಲ್ಲಿ 18 ಗೆಲುವು, 37 ಸೋಲು. ಮುಂದೆ ದೊಡ್ಡ ಹೆಸರಿನ ಸರದಿ: ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತಂಡದಿಂದ ಕೆಲಸ ಕಳೆದುಕೊಂಡಿದ್ದ ಜೆರ‍್ರಿ ಡಿನಾರ್ಡೊ. ಮೂರು ವರ್ಷಕ್ಕೆ 8 ಗೆಲುವು, 27 ಸೋಲು.

2004ರ ಕೊನೆಗೆ ಟೆರ‍್ರಿ ಹೆಪ್ನರ್ ಬಂದರು. ಮಯಾಮಿ ಆಫ್ ಒಹಾಯೊ ತಂಡವನ್ನು ಹಿಂದಿನ ವರ್ಷವಷ್ಟೇ 13-1ಕ್ಕೆ, ಅಂದರೆ 13 ಗೆಲುವು, 1 ಸೋಲಿಗೆ, ಮುಟ್ಟಿಸಿದ್ದ ಕೋಚ್. ಊರಿನ ಮೂಡ್ ಬದಲಾಯಿತು. 13ನೇ ಪಂದ್ಯ, ಅಂದರೆ ಬೌಲ್ ಪಂದ್ಯ ಆಡಲೇಬೇಕು ಅನ್ನುವುದು ಅವರ ಘೋಷಣೆ. ಆದರೆ ಮಿದುಳಿನ ಕ್ಯಾನ್ಸರ್ ಅವರನ್ನು ಬಿಡಲಿಲ್ಲ. 2007ರ ಜೂನ್‌ನಲ್ಲಿ, 59ನೇ ವಯಸ್ಸಿಗೆ ತೀರಿಕೊಂಡರು. ಅದೇ ವರ್ಷ ಅವರ ಹುಡುಗರು 13ನೇ ಪಂದ್ಯ ಆಡಿದರು. ಸ್ಟೇಡಿಯಂನಲ್ಲಿ ಅವರು ತಂದಿರಿಸಿದ ಬಂಡೆಯನ್ನು ಆಟಗಾರರು ಇವತ್ತಿಗೂ ಮುಟ್ಟಿಯೇ ಮೈದಾನಕ್ಕೆ ಇಳಿಯುತ್ತಾರೆ. ಅವರು ಬದುಕಿದ್ದಿದ್ದರೆ ಇಂಡಿಯಾನಾ ಕಥೆ ಆಗಲೇ ತಿರುಗುತ್ತಿತ್ತೇನೋ ಅನ್ನಿಸುತ್ತದೆ ನನಗೆ.

ಹೆಪ್ನರ್ ನಂತರ ಅವರ ಸಹಾಯಕ ಬಿಲ್ ಲಿಂಚ್. ಆಮೇಲೆ ಓಕ್ಲಹೋಮಾದಿಂದ ಬಂದ ಕೆವಿನ್ ವಿಲ್ಸನ್, ಅಲ್ಲಿ ಅಟ್ಯಾಕ್ ನೋಡಿಕೊಳ್ಳುತ್ತಿದ್ದ ಕೋಆರ್ಡಿನೇಟರ್. ಆಮೇಲೆ ವಿಲ್ಸನ್ ಕೈಕೆಳಗೆ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಟಾಮ್ ಆಲನ್. ಯಾರೂ ಕೆಟ್ಟ ಕೋಚ್ ಅಲ್ಲ. ಆದರೆ ಈ ಇಡೀ ಸಾಲಿನಲ್ಲಿ ‘ಹೆಡ್ ಕೋಚ್ ಆಗಿ ಬೇರೆ ಕಡೆ ಗೆಲ್ಲುತ್ತಿರುವಾಗಲೇ ಕರೆತಂದವರು’ ಇಬ್ಬರೇ, ಮ್ಯಾಲರಿ ಮತ್ತು ಹೆಪ್ನರ್. ತಂಡಕ್ಕೆ ಉಸಿರು ಬಂದಿದ್ದೂ ಮುಖ್ಯವಾಗಿ ಅವರಿಬ್ಬರಿಂದಲೇ.

ತೆಗೆಯುವುದಕ್ಕೇ ದುಡ್ಡು

2020ರ ಕೋವಿಡ್ ಸೀಸನ್‌ನಲ್ಲಿ ಆಲನ್ ಅವರ ತಂಡ 6-2 ಆಡಿತು. ಪೆನ್ ಸ್ಟೇಟ್ ಅನ್ನು 36-35ರಲ್ಲಿ ಸೋಲಿಸಿದ ಪಂದ್ಯವನ್ನು ಬ್ಲೂಮಿಂಗ್ಟನ್ ಜನ ಇನ್ನೂ ಮರೆತಿಲ್ಲ. 2021ರ ಮಾರ್ಚ್‌ನಲ್ಲಿ ಅವರಿಗೆ ಏಳು ವರ್ಷದ ಹೊಸ ಒಪ್ಪಂದ ಸಿಕ್ಕಿತು, ವರ್ಷಕ್ಕೆ ಸರಾಸರಿ 49 ಲಕ್ಷ ಡಾಲರ್. ಆಮೇಲಿನ ಮೂರು ಸೀಸನ್: 2-10, 4-8, 3-9.

ಒಪ್ಪಂದದ ಪ್ರಕಾರ ಅವರನ್ನು ತೆಗೆದರೆ ಕೊಡಬೇಕಾಗಿದ್ದ ಬಯೌಟ್ ಮೊತ್ತ ಸುಮಾರು 2 ಕೋಟಿ 8 ಲಕ್ಷ ಡಾಲರ್. ಇನ್ನೊಂದು ವರ್ಷ ಕಾದರೆ ಅದು ಬಹಳ ಇಳಿಯುತ್ತಿತ್ತು. ಇಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳು ಸುಮ್ನೆ ಒಂದು ವರ್ಷ ತಳ್ಳಿಬಿಡುತ್ತವೆ. ಇಂಡಿಯಾನಾ ಮಾತುಕತೆ ನಡೆಸಿ 1 ಕೋಟಿ 55 ಲಕ್ಷ ಡಾಲರ್‌ಗೆ ಒಪ್ಪಿಸಿತು, ದಾನಿಗಳಿಂದ ಹಣ ಹೊಂದಿಸಿತು, ಮುಗಿಸಿತು.

ಇದು ಮುಖ್ಯ ಅನ್ನುವುದಕ್ಕೆ ಕಾರಣ ಇದೆ. 2024ರಿಂದ ಬಿಗ್ ಟೆನ್‌ಗೆ ಆರೆಗನ್, ವಾಷಿಂಗ್ಟನ್, ಯುಎಸ್‌ಸಿ, ಯುಸಿಎಲ್‌ಎ ಬರುವುದಿತ್ತು. ಪ್ಲೇಆಫ್ 4 ತಂಡದಿಂದ 12 ತಂಡಕ್ಕೆ ಏರುವುದಿತ್ತು. ಜತೆಗೆ ಆಟಗಾರರು ಕಾಲೇಜು ಬದಲಿಸುವ ನಿಯಮ 2021ರಲ್ಲೇ ಸಡಿಲ ಆಗಿತ್ತು. ಮೊದಲು ಕಾಲೇಜು ಬದಲಿಸಿದವರು ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು, ಈಗ ತಕ್ಷಣ ಆಡಬಹುದು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡಿಯುವುದಕ್ಕೂ ಅವಕಾಶ ಸಿಕ್ಕಿತು. ಅಂದರೆ ಸರಿಯಾದ ಕೋಚ್ ಸಿಕ್ಕರೆ ಒಂದೇ ಚಳಿಗಾಲದಲ್ಲಿ ಅರ್ಧ ತಂಡ ಬದಲಿಸಬಹುದು. ತಪ್ಪು ಕೋಚ್ ಇದ್ದರೆ ಅಷ್ಟೇ ಬೇಗ ತಂಡ ಖಾಲಿಯೂ ಆಗುತ್ತದೆ.

ಸಿಗ್ನೆಟಿ ಅವರ ಹಾದಿ

ಅಪ್ಪ ಫ್ರ್ಯಾಂಕ್ ಸಿಗ್ನೆಟಿ ಕೂಡ ಹೆಸರಾಂತ ಕೋಚ್. ಮಗ ಕರ್ಟ್ ಸುಮಾರು ಕಾಲು ಶತಮಾನ ಬೇರೆಯವರ ಕೈಕೆಳಗೆ ದುಡಿದರು. 2007ರಿಂದ 2010ರವರೆಗೆ ಅಲಬಾಮಾದಲ್ಲಿ ಹೆಡ್ ಕೋಚ್ ನಿಕ್ ಸೇಬನ್ ಜತೆ ಇದ್ದರು. ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳಿಗೆ ತರಬೇತಿ, ಹೊಸ ಹುಡುಗರ ಹುಡುಕಾಟ ಅವರ ಕೆಲಸ. ಅಲ್ಲಿ ಚಾಂಪಿಯನ್ ತಂಡದ ಭಾಗ ಆಗಿದ್ದವರು 2011ರಲ್ಲಿ ಅದನ್ನು ಬಿಟ್ಟು, ಸಂಬಳ ಕಡಿಮೆ ಮಾಡಿಕೊಂಡು, ಎರಡನೇ ದರ್ಜೆಯ ಒಂದು ಕಾಲೇಜಿಗೆ ಹೋದರು: ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ. ಹೆಸರು ಒಂದೇ ಥರ ಇದ್ದರೂ ಅದಕ್ಕೂ ಬ್ಲೂಮಿಂಗ್ಟನ್‌ಗೂ ಸಂಬಂಧ ಇಲ್ಲ. ಅಪ್ಪ ಮೊದಲು ಕೋಚ್ ಆಗಿದ್ದ ಜಾಗ ಅದು. ವಯಸ್ಸು ಐವತ್ತರ ಹತ್ತಿರ. ಹೆಡ್ ಕೋಚ್ ಆಗಬೇಕೆಂಬ ಆಸೆ ಅಷ್ಟಿತ್ತು.

ಅಲ್ಲಿ ಆರು ವರ್ಷಕ್ಕೆ 53-17. ಆಮೇಲೆ ನಾರ್ತ್ ಕ್ಯಾರೊಲೈನಾದ ಈಲಾನ್. ಅವರು ಹೋಗುವ ಹಿಂದಿನ ವರ್ಷ ಈಲಾನ್ 2-9 ಇತ್ತು. ಅವರ ಮೊದಲ ವರ್ಷವೇ 8-4. ಎರಡು ವರ್ಷ ಸೇರಿ 14-9. ಆಮೇಲೆ ಜೇಮ್ಸ್ ಮ್ಯಾಡಿಸನ್, ಐದು ವರ್ಷಕ್ಕೆ 52-9. ಅಲ್ಲಿ ಇರುವಾಗಲೇ ಆ ತಂಡ ಕೆಳ ದರ್ಜೆಯಿಂದ ಉನ್ನತ ದರ್ಜೆಗೆ ಏರಿತು. ಏರಿದ ವರ್ಷವೇ 8-3, ಮರುವರ್ಷ 11-1.

ಕೂಡಿಸಿದರೆ 119 ಗೆಲುವು, 35 ಸೋಲು. ಹೆಡ್ ಕೋಚ್ ಆಗಿ ಒಂದು ಸೀಸನ್‌ನಲ್ಲೂ ಗೆಲುವಿಗಿಂತ ಸೋಲು ಜಾಸ್ತಿ ಆಗಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಟ್ಟು ಸಂಖ್ಯೆಗಿಂತ ಈಲಾನ್‌ನ ಆ ಒಂದು ವರ್ಷ. ಜೇಮ್ಸ್ ಮ್ಯಾಡಿಸನ್ ಮೊದಲೇ ಗಟ್ಟಿ ತಂಡ, ಅಲ್ಲಿ ಗೆದ್ದಿದ್ದು ಯಾರ ಪುಣ್ಯ ಅಂತ ಬೇರ್ಪಡಿಸುವುದು ಕಷ್ಟ. ಈಲಾನ್ ಹಾಗಲ್ಲ. ಬಿದ್ದಿದ್ದ ತಂಡ, ಹೊಸ ಕೋಚ್ ಬಂದ ಕೂಡಲೇ ಎದ್ದಿತು. ಇಂಡಿಯಾನಾಗೆ ಬೇಕಾಗಿದ್ದ ಪುರಾವೆ ಅದೇ ಅಲ್ವಾ?

ಅನುಮಾನಗಳೂ ಇದ್ದವು, ಸುಮ್ಮನೆ ತಳ್ಳಿಹಾಕುವಂಥವಲ್ಲ. 62 ವರ್ಷ. ದೊಡ್ಡ ಕಾನ್ಫರೆನ್ಸ್‌ನಲ್ಲಿ ಹೆಡ್ ಕೋಚ್ ಆಗಿ ಒಂದು ಪಂದ್ಯವೂ ಆಡಿಸಿಲ್ಲ. ಒಹಾಯೊ ಸ್ಟೇಟ್, ಮಿಷಿಗನ್ ಎದುರು ನಿಲ್ಲುವ ದೈತ್ಯ ಹುಡುಗರನ್ನು ಎಲ್ಲಿಂದ ತರುತ್ತಾರೆ? ಡಾಲ್ಸನ್ ಇವನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟು, ಮೂರು ಕಡೆ ಗೆದ್ದ ದಾಖಲೆಯನ್ನು ಇನ್ನೊಂದರಲ್ಲಿಟ್ಟು ತೂಗಿದರು. ಆರು ವರ್ಷದ ಒಪ್ಪಂದ, ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್‌ನಿಂದ ಶುರು.

ಡಿಸೆಂಬರ್ 1ರ ರಾತ್ರಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ನಡುವೆ ಅಸೆಂಬ್ಲಿ ಹಾಲ್‌ನಲ್ಲಿ ಹೊಸ ಕೋಚ್‌ಗೆ ಮೈಕ್ ಕೊಟ್ಟರು. ಹೊಸಬರು ಸಾಮಾನ್ಯವಾಗಿ ಇಂಥ ಕಡೆ ನಾಲ್ಕು ವಿನಯದ ಮಾತು ಹೇಳಿ ಕೂರುತ್ತಾರೆ. ಸಿಗ್ನೆಟಿ ಪರ್ಡ್ಯೂ ತಂಡವನ್ನು ನೇರವಾಗಿ ಬೈದರು, ಅದೇ ಉಸಿರಿನಲ್ಲಿ ಮಿಷಿಗನ್, ಒಹಾಯೊ ಸ್ಟೇಟ್‌ಗಳನ್ನೂ ಸೇರಿಸಿದರು. ಹಾಲ್ ಕಿರುಚಿತು. ಕೆಲವು ವಾರದ ಮೇಲೆ ಪತ್ರಕರ್ತರೊಬ್ಬರು ಹುಡುಗರನ್ನು ಹೇಗೆ ಒಪ್ಪಿಸುತ್ತೀರಿ ಅಂತ ಕೇಳಿದಾಗ ಬಂದ ಉತ್ತರ: ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ. ಜಂಭ ಅಂದವರಿದ್ದರು. ಸೋಲಿಗೆ ಒಗ್ಗಿಹೋದ ಊರಲ್ಲಿ ಆ ಮಾತು ಯಾರಾದರೂ ಹೇಳಲೇಬೇಕಿತ್ತು ಅಂತ ನನ್ನ ಭಾವನೆ.

ಜತೆಗೆ ಬಂದವರು

ಆಯ್ಕೆ ಅಂದರೆ ಒಬ್ಬ ವ್ಯಕ್ತಿ ಅಂದುಕೊಳ್ಳುತ್ತೇವೆ. ನಿಜಕ್ಕೂ ಬ್ಲೂಮಿಂಗ್ಟನ್‌ಗೆ ಬಂದಿದ್ದು ಒಂದು ಇಡೀ ಬಳಗ. ಡಿಫೆನ್ಸ್ ನೋಡಿಕೊಳ್ಳುವ ಬ್ರಯಂಟ್ ಹೇನ್ಸ್, ಅಟ್ಯಾಕ್ ನೋಡಿಕೊಳ್ಳುವ ಮೈಕ್ ಶಾನಹನ್, ಇಬ್ಬರೂ ಜೇಮ್ಸ್ ಮ್ಯಾಡಿಸನ್‌ನಿಂದಲೇ ಬಂದರು. ಅಲ್ಲಿನ 13 ಆಟಗಾರರೂ ಅವರ ಹಿಂದೆಯೇ ಬಂದರು. ‘ಮುಂದೆ ಏನಾಗಬಹುದು ಅನ್ನುವುದಕ್ಕಿಂತ ಈಗಾಗಲೇ ಏನು ಮಾಡಿ ತೋರಿಸಿದ್ದಾರೆ’ ಅಂತ ನೋಡುವುದು ಸಿಗ್ನೆಟಿ ಅವರ ಪದ್ಧತಿ. ಹೈಸ್ಕೂಲ್‌ನಲ್ಲಿ ಎಷ್ಟು ಸ್ಟಾರ್ ಇತ್ತು ಅನ್ನುವುದಕ್ಕೆ ಅಲ್ಲಿ ಬೆಲೆ ಕಮ್ಮಿ. ಅವರನ್ನು ಆರಿಸಿದ್ದೂ ಅದೇ ಅಳತೆಯಿಂದಲೇ ಅನ್ನುವುದು ಗಮನಿಸಬೇಕಾದ ವಿಷಯ.

ಆ 13 ಜನರಲ್ಲಿ ಒಬ್ಬರಾದ ಡಿಆಂಜೆಲೊ ಪಾಂಡ್ಸ್ ಅವರನ್ನೇ ನೋಡಿ. ಎತ್ತರ 5 ಅಡಿ 9 ಇಂಚು, ಈ ಆಟಕ್ಕೆ ಕುಳ್ಳ ಅನ್ನಬಹುದು. 2026ರ ಜನವರಿಯ ಪೀಚ್ ಬೌಲ್‌ನಲ್ಲಿ ಆರೆಗನ್ ಎಸೆದ ಮೊದಲ ಚೆಂಡನ್ನೇ ಹಾರಿ ಹಿಡಿದು ನೇರ ಟಚ್‌ಡೌನ್‌ಗೆ, ಅಂದರೆ ಎದುರಾಳಿಯ ಗೆರೆ ದಾಟಿ ಅಂಕ ಗಳಿಸಲು, ಓಡಿದವರು ಇವರು. ಇಂಡಿಯಾನಾ ಅವತ್ತು 56-22ರಲ್ಲಿ ಗೆದ್ದಿತು. ಹತ್ತು ದಿನದ ಮೇಲೆ ಫೈನಲ್‌ನಲ್ಲಿ ಮಯಾಮಿಯ ಪಂಟ್ (ಚೆಂಡನ್ನು ದೂರಕ್ಕೆ ಒದೆಯುವುದು) ತಡೆದು ಟಚ್‌ಡೌನ್‌ಗೆ ದಾರಿ ಮಾಡಿದ ಮಿಕೈಲ್ ಕಮಾರ, ಒಹಾಯೊ ಸ್ಟೇಟ್ ಎದುರು ಕಾನ್ಫರೆನ್ಸ್ ಫೈನಲ್‌ನಲ್ಲಿ ನಿರ್ಣಾಯಕ ಟಚ್‌ಡೌನ್ ಹಿಡಿದ ಎಲೈಜಾ ಸರಾಟ್, ಇಬ್ಬರೂ ಜೇಮ್ಸ್ ಮ್ಯಾಡಿಸನ್‌ನಿಂದ ಬಂದ ಹುಡುಗರೇ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2024ರಲ್ಲಿ ಮೊದಲ 10 ಪಂದ್ಯವೂ ಗೆಲುವು. ನವೆಂಬರ್ 30ಕ್ಕೆ, ಸಿಗ್ನೆಟಿ ನೇಮಕ ಆಗಿ ಸರಿಯಾಗಿ ಒಂದು ವರ್ಷಕ್ಕೆ, ಪರ್ಡ್ಯೂ ಎದುರು 66-0. ಒಟ್ಟು 11-2, ಪ್ಲೇಆಫ್‌ನಲ್ಲಿ ನೋಟ್ರ್ ಡೇಮ್ ಎದುರು ಸೋಲು. 2025ಕ್ಕೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಬಂದರು, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಪಡೆದ ಮೊದಲ ಇಂಡಿಯಾನಾ ಆಟಗಾರ ಆದರು. ಒಹಾಯೊ ಸ್ಟೇಟ್ ಎದುರು 13-10, ರೋಸ್ ಬೌಲ್‌ನಲ್ಲಿ ಅಲಬಾಮಾ ಎದುರು 38-3. ಆ ರೋಸ್ ಬೌಲ್ ಗೆಲುವು 1991ರ ನಂತರದ ಮೊದಲ ಬೌಲ್ ಗೆಲುವು.

ಬೇರೆ ಕಡೆ ಏನಾಯಿತು

ಕ್ಯಾನ್ಸಸ್ ಕೂಡ ಇಂಥದೇ ಬ್ಯಾಸ್ಕೆಟ್‌ಬಾಲ್ ವಿಶ್ವವಿದ್ಯಾಲಯ, ಇಂಥದೇ ಸೋಲಿನ ತಂಡ. ಎಲ್‌ಎಸ್‌ಯುಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದ ಲೆಸ್ ಮೈಲ್ಸ್ ಅವರನ್ನು ತಂದು ನೋಡಿದರು, 3-18. 2021ರಲ್ಲಿ ಲ್ಯಾನ್ಸ್ ಲೈಪೋಲ್ಡ್ ಬಂದರು. ಮೂರನೇ ದರ್ಜೆಯ ವಿಸ್ಕಾನ್ಸಿನ್-ವೈಟ್‌ವಾಟರ್‌ನಲ್ಲಿ 109-6 ದಾಖಲೆ, ಆರು ರಾಷ್ಟ್ರೀಯ ಪ್ರಶಸ್ತಿ, ಆಮೇಲೆ ಬಫಲೊದಲ್ಲೂ ತಂಡ ಕಟ್ಟಿದವರು. ಮೊದಲ ವರ್ಷವೇ ಟೆಕ್ಸಾಸ್ ಅನ್ನು ಅವರ ನೆಲದಲ್ಲೇ 57-56ರಲ್ಲಿ ಸೋಲಿಸಿದರು. 2023ಕ್ಕೆ 9-4.

ಹಾಗಂತ ಗೆಲ್ಲುತ್ತಿರುವ ಹೆಡ್ ಕೋಚ್ ತಂದರೆ ಸಾಕು ಅನ್ನುವ ಹಾಗಿಲ್ಲ. ಸ್ಕಾಟ್ ಫ್ರಾಸ್ಟ್ 2017ರಲ್ಲಿ ಸೆಂಟ್ರಲ್ ಫ್ಲೋರಿಡಾ ತಂಡವನ್ನು 13-0ಕ್ಕೆ ಮುಟ್ಟಿಸಿ, ತಾವು ಆಡಿದ್ದ ನೆಬ್ರಾಸ್ಕಾಗೆ ಮರಳಿದರು. ಊರಿನ ಹುಡುಗ, ಗೆಲ್ಲುತ್ತಿರುವ ಕೋಚ್, ಎರಡೂ ಒಬ್ಬರಲ್ಲೇ. ಆದರೆ ಆಗಿದ್ದು 16-31. ಹೆಡ್ ಕೋಚ್ ಆಗಿ ಅವರ ಹಿಂದೆ ಇದ್ದದ್ದು ಎರಡೇ ವರ್ಷ, ಒಂದೇ ತಂಡ. ಉಲ್ಟಾ ಉದಾಹರಣೆಯೂ ಇದೆ. 1988ರ ಕೊನೆಗೆ ಕ್ಯಾನ್ಸಸ್ ಸ್ಟೇಟ್ ಆರಿಸಿದ ಬಿಲ್ ಸ್ನೈಡರ್ ಕಾಲೇಜು ಹಂತದ ದೊಡ್ಡ ತಂಡಕ್ಕೆ ಹೆಡ್ ಕೋಚ್ ಆಗಿರಲಿಲ್ಲ. 27 ಪಂದ್ಯ ಗೆಲುವೇ ಕಾಣದೆ ಕೂತಿದ್ದ ಆ ತಂಡವನ್ನು 1-10, 5-6, 7-4 ಅಂತ ಮೆಟ್ಟಿಲು ಮೆಟ್ಟಿಲಾಗಿ ಮೇಲೆತ್ತಿದರು. ಆದರೆ ಅವರು ಅಯೋವಾದಲ್ಲಿ ಹೇಡನ್ ಫ್ರೈ ಅವರ ಪಕ್ಕದಲ್ಲಿ ನಿಂತು, ಬಿದ್ದ ತಂಡ ಏಳುವುದನ್ನು ಹತ್ತು ವರ್ಷ ನೋಡಿದ್ದರು. ಬೇರುಮಟ್ಟದಿಂದ ಕಟ್ಟುವ ಕೆಲಸವನ್ನು ಹತ್ತಿರದಿಂದ ಬಲ್ಲವರು ಅನ್ನುವುದು ಸ್ನೈಡರ್, ಲೈಪೋಲ್ಡ್, ಸಿಗ್ನೆಟಿ ಮೂವರಿಗೂ ಸಮಾನ.

ಒಂದು ವಿಷಯದಲ್ಲಿ ಮಾತ್ರ ಇಂಡಿಯಾನಾ ಬಗ್ಗೆ ನನಗೆ ಆತಂಕ ಇತ್ತು. ತಂಡ 10-0 ಇದ್ದಾಗಲೇ, 2024ರ ನವೆಂಬರ್‌ನಲ್ಲಿ, ಸಿಗ್ನೆಟಿ ಅವರಿಗೆ ಎಂಟು ವರ್ಷಕ್ಕೆ 7 ಕೋಟಿ 20 ಲಕ್ಷ ಡಾಲರ್‌ನ ಒಪ್ಪಂದ ಕೊಟ್ಟರು. ಒಂದು ಒಳ್ಳೇ ಸೀಸನ್ ನೋಡಿ ಆಲನ್‌ಗೆ ಕೊಟ್ಟು ಕೈ ಸುಟ್ಟುಕೊಂಡದ್ದು ಇದೇ ಥರ. ಆದರೆ ಎರಡಕ್ಕೂ ವ್ಯತ್ಯಾಸ ಇತ್ತು. ಆಲನ್ ಅವರದು ಕೋವಿಡ್ ಕಾಲದ ಎಂಟು ಪಂದ್ಯದ ಸೀಸನ್, ಸಿಗ್ನೆಟಿ ಅವರ ಹಿಂದೆ ಹದಿಮೂರು ವರ್ಷದ ಸಾಲು. 2025ರ ಅಕ್ಟೋಬರ್‌ನಲ್ಲಿ ಪೆನ್ ಸ್ಟೇಟ್ ತನ್ನ ಕೋಚ್ ಅನ್ನು ತೆಗೆದ ಕೆಲವೇ ದಿನದಲ್ಲಿ ಇಂಡಿಯಾನಾ ಮತ್ತೆ ಒಪ್ಪಂದ ಏರಿಸಿತು, 2033ರವರೆಗೆ, ಒಟ್ಟು ಸುಮಾರು 9 ಕೋಟಿ 30 ಲಕ್ಷ.

ಇನ್ನು ಕೋಚ್ ಕಳೆದುಕೊಂಡ ಜೇಮ್ಸ್ ಮ್ಯಾಡಿಸನ್ ಏನು ಮಾಡಿತು? ಅವರೂ ಇದೇ ಅಳತೆಯಿಂದ ಹುಡುಕಿದರು. ಸಾಲ್ವೆ ರೆಜಿನಾ, ಅಸಂಪ್ಷನ್, ಹೋಲಿ ಕ್ರಾಸ್ ಎಂಬ ಮೂರು ಸಣ್ಣ ಕಾಲೇಜುಗಳಲ್ಲಿ ಹೆಡ್ ಕೋಚ್ ಆಗಿದ್ದ ಬಾಬ್ ಚೆಸ್ನಿ ಬಂದರು. 2025ರಲ್ಲಿ ಅವರ ತಂಡ ತನ್ನ ಕಾನ್ಫರೆನ್ಸ್ ಗೆದ್ದು 12 ತಂಡದ ಪ್ಲೇಆಫ್‌ಗೇ ಹೋಯಿತು. ಆ ಡಿಸೆಂಬರ್‌ನಲ್ಲಿ ಯುಸಿಎಲ್‌ಎ ಅವರನ್ನು ಕರೆದುಕೊಂಡಿತು. ಹಾಗಾಗಿ ಚೆಸ್ನಿ ಈಗ ಸಿಗ್ನೆಟಿ ಇರುವ ಬಿಗ್ ಟೆನ್‌ನಲ್ಲೇ ಕೋಚ್. ಜೇಮ್ಸ್ ಮ್ಯಾಡಿಸನ್ ಈ ಸಲ ಬೇರೆ ದಾರಿ ಹಿಡಿದಿದೆ: ಲೂಸಿಯಾನಾದಲ್ಲಿ ಗೆದ್ದು, ಫ್ಲೋರಿಡಾದಲ್ಲಿ ಕೆಲಸ ಕಳೆದುಕೊಂಡ ಬಿಲ್ಲಿ ನೇಪಿಯರ್ ಅವರನ್ನು ತಂದಿದೆ. ಅವರ ಯಾವ ದಾಖಲೆ ಹೆಚ್ಚು ನಿಜ, ಲೂಸಿಯಾನಾದ್ದೋ ಫ್ಲೋರಿಡಾದ್ದೋ, ಅನ್ನುವುದು ಇನ್ನು ಮುಂದಿನ ಸೀಸನ್‌ಗಳಲ್ಲಿ ಗೊತ್ತಾಗಬೇಕು.